ಸಾವಿರ ಡಾಲರ್ ಬಂತು, ರೂಪಾಯಿ ಮಾತ್ರ ಏಳು ಸಾವಿರ ಕಡಿಮೆ. ಎಲ್ಲಿ ಸೋರಿತು?

ಬಣ್ಣದ ಪೆನ್ಸಿಲ್ (ಮಣಿಪಾಲ)

ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಕುಳಿತು ಹೊರದೇಶದವರಿಗೆ ಲೋಗೊ, ಪುಸ್ತಕದ ಮುಖಪುಟ ಮಾಡಿಕೊಡುವ ಕೆಲಸ ನನ್ನದು. ಹೋದ ವಾರ ಅಮೆರಿಕದ ಗ್ರಾಹಕರೊಬ್ಬರು ಒಂದು ಆನ್‌ಲೈನ್ ಪಾವತಿ ಸೇವೆಯ ಮೂಲಕ 1,000 ಡಾಲರ್ ಕಳುಹಿಸಿದರು. ಆ ದಿನ ಗೂಗಲ್‌ನಲ್ಲಿ ಡಾಲರ್‌ಗೆ 85.40 ರೂಪಾಯಿ ತೋರಿಸುತ್ತಿತ್ತು, ಅಂದರೆ 85,400 ರೂಪಾಯಿ. ನನ್ನ ಖಾತೆಗೆ ಬಂದದ್ದು 78,487 ರೂಪಾಯಿ 60 ಪೈಸೆ.

ಶುಲ್ಕ ಎಂದು ಅವರ ಪುಟದಲ್ಲಿ ಕಾಣಿಸುವುದು 44 ಡಾಲರ್ ಮಾತ್ರ. ಅದನ್ನು ಕಳೆದರೂ 81,600ರ ಮೇಲೆ ಬರಬೇಕಿತ್ತು. ಉಳಿದ ಮೂರು ಸಾವಿರ ಚಿಲ್ಲರೆ ಯಾರ ಜೇಬಿಗೆ ಹೋಯಿತು? ಬ್ಯಾಂಕಿಗೆ ಹೋಗಿ ಕೇಳಿದರೆ "ನಾವು ಒಂದು ಪೈಸೆ ಮುರಿದಿಲ್ಲ" ಎನ್ನುತ್ತಾರೆ. ಸೇವೆಯವರಿಗೆ ಬರೆದರೆ ಯಂತ್ರ ಬರೆದಂತಹ ಉತ್ತರ. ತಿಳಿದವರು ಹೇಳಿ, ಹಣ ತರಿಸಿಕೊಳ್ಳಲು ಬೇರೆ ದಾರಿ ಉಂಟೇ?

ಕೊಟ್ಟಾರ ಚೌಕಿ

ಹಗಲು ದರೋಡೆ. ಬೇರೆ ಹೆಸರೇ ಇಲ್ಲ ಅದಕ್ಕೆ.

ನಿವೃತ್ತ ಗುಮಾಸ್ತ (ಉಡುಪಿ)

ಬ್ಯಾಂಕಿನವರು ಸುಳ್ಳು ಹೇಳಿಲ್ಲ, ತಂಗಿ. ಪಾಸ್‌ಬುಕ್ಕಿನಲ್ಲಿ ಆ ಜಮೆಯ ಸಾಲು ನೋಡಿ. 'ಎನ್‌ಇಎಫ್‌ಟಿ' ಅಥವಾ 'ಐಎಂಪಿಎಸ್' (ಎರಡೂ ದೇಶದೊಳಗಿನ ರೂಪಾಯಿ ವರ್ಗಾವಣೆಯ ಹೆಸರು) ಎಂದು ಇದ್ದರೆ ಹಣ ನಿಮ್ಮ ಶಾಖೆಗೆ ತಲುಪುವ ಮೊದಲೇ ರೂಪಾಯಿ ಆಗಿತ್ತು ಎಂದು ಅರ್ಥ. ವಿನಿಮಯ ಆದದ್ದು ಸೇವೆಯವರ ಕಡೆಯಲ್ಲಿ, ಅವರು ಇಟ್ಟ ದರದಲ್ಲಿ.

ಲೆಕ್ಕ ಬಿಡಿಸುತ್ತೇನೆ. 44 ಡಾಲರ್ ಶುಲ್ಕ, 85.40ರ ದರದಲ್ಲಿ 3,757 ರೂಪಾಯಿ 60 ಪೈಸೆ. ಉಳಿದ 956 ಡಾಲರ್‌ಗೆ ನಿಮಗೆ ಸಿಕ್ಕಿದ್ದನ್ನು ಭಾಗಿಸಿದರೆ ದರ 82.10 ಬರುತ್ತದೆ. ಅಂದರೆ ಪ್ರತಿ ಡಾಲರ್‌ಗೆ 3 ರೂಪಾಯಿ 30 ಪೈಸೆ ದರದೊಳಗೇ ಹೋಯಿತು. 956ಕ್ಕೆ 3,154 ರೂಪಾಯಿ 80 ಪೈಸೆ. ಎರಡೂ ಕೂಡಿಸಿ, ಒಟ್ಟು 6,912 ರೂಪಾಯಿ 40 ಪೈಸೆ. ನಿಮ್ಮ ನಷ್ಟ ಪೈಸೆ ಸಮೇತ ಸರಿಹೋಯಿತಲ್ಲ.

ಗೂಗಲ್ ತೋರಿಸುವುದು ಕೊಳ್ಳುವ ದರ, ಮಾರುವ ದರ ಇವೆರಡರ ನಡುವಿನ ದರ. ಆ ದರದಲ್ಲಿ ನಮ್ಮ ನಿಮ್ಮಂಥವರಿಂದ ಸಾಮಾನ್ಯವಾಗಿ ಯಾರೂ ಡಾಲರ್ ಕೊಳ್ಳುವುದಿಲ್ಲ, ನಮಗೆ ಕೊಡುವುದೂ ಇಲ್ಲ. ಅದಕ್ಕೂ ನಿಮಗೆ ಸಿಕ್ಕ ದರಕ್ಕೂ ಎಷ್ಟು ಅಂತರ ಎಂಬುದನ್ನು ನೋಡಬೇಕು. ಶುಲ್ಕದ ಪಟ್ಟಿಯಲ್ಲಿ ಆ ಅಂತರ ಎಲ್ಲಿಯೂ ಕಾಣಿಸುವುದಿಲ್ಲ.

ಮಳೆಗಾಲ

ಗುಮಾಸ್ತರೇ, ನೀವು ನಿವೃತ್ತರಾದ ಮೇಲೆ ಬ್ಯಾಂಕಿನಲ್ಲಿ ಹೀಗೆ ಬಿಡಿಸಿ ಹೇಳುವವರೇ ಇಲ್ಲ.

ನಿವೃತ್ತ ಗುಮಾಸ್ತ (ಉಡುಪಿ)

ಇದ್ದಾರೆ ಮಾರಾಯರೇ. ಕೌಂಟರಿನ ಮುಂದೆ ಸಾಲು ಇರುವಾಗ ಬಾಯಿ ಬಿಡಲು ಪುರಸೊತ್ತು ಇರುವುದಿಲ್ಲ.

ಕೊಟ್ಟಾರ ಚೌಕಿ

ನಾನು ಈ ಪಾವತಿ ಸೇವೆಗಳ ಸಹವಾಸ ಬಿಟ್ಟು ಬಹಳ ಕಾಲವಾಯಿತು. ಗ್ರಾಹಕರಿಗೆ ನೇರವಾಗಿ ಸ್ವಿಫ್ಟ್ (ದೇಶ ದೇಶಗಳ ಬ್ಯಾಂಕುಗಳ ನಡುವಿನ ಸಂದೇಶ ಜಾಲ) ಮೂಲಕ ಬ್ಯಾಂಕಿಗೇ ಕಳುಹಿಸಲು ಹೇಳುತ್ತೇನೆ. ಅದೇ ವಾರ ನನಗೆ ಬಂದದ್ದೂ ಸಾವಿರ ಡಾಲರೇ. ಬ್ಯಾಂಕಿನ ಸೂಚನಾ ಪತ್ರ ಎದುರಿಗೇ ಉಂಟು, ಓದಿ ಹೇಳುತ್ತೇನೆ: ಕಳುಹಿಸಿದ್ದು 1,000. ತಲುಪಿದ್ದು 980, ದಾರಿಯಲ್ಲಿ ಯಾವುದೋ ನಡುವಿನ ಬ್ಯಾಂಕ್ 20 ಡಾಲರ್ ಹಿಡಿದುಕೊಂಡಿದೆ. ದರ 84.60. ಒಟ್ಟು 82,908. ವಿನಿಮಯದ ಮೇಲಿನ ಜಿಎಸ್‌ಟಿ 149.23. ಬ್ಯಾಂಕಿನ ಶುಲ್ಕ ತೆರಿಗೆ ಸೇರಿ 236. ಕೈಗೆ ಬಂದದ್ದು 82,522.77.

ಪೆನ್ಸಿಲ್ ಅವರಿಗಿಂತ ನಾಲ್ಕು ಸಾವಿರ ಹೆಚ್ಚು. ಇನ್ನು ನೀವೇ ತೀರ್ಮಾನಿಸಿ.

ಕುಂದಗನ್ನಡಿಗ

ಚೌಕಿ ಅಣ್ಣ, ನಿಮಗೆ ಸಾವಿರ ಸಾವಿರ ಬರುತ್ತದೆ, ನೀವು ಹೇಳಬಹುದು. ನಾನು ವೀಡಿಯೊಗಳಿಗೆ ಅಡಿಬರಹ ಬರೆಯುವವನು, ಒಂದೊಂದು ಕೆಲಸಕ್ಕೆ ನೂರು ಡಾಲರ್ ದಾಟುವುದಿಲ್ಲ. ನೂರರಲ್ಲಿ ನಿಮ್ಮ ನಡುವಿನ ಬ್ಯಾಂಕ್ 20 ತಿಂದು, ಇಲ್ಲಿಯ ಬ್ಯಾಂಕ್ 236 ರೂಪಾಯಿ ತಿಂದರೆ ನನಗೆ ಉಳಿಯುವುದು ಆರೂವರೆ ಸಾವಿರ. ಅದೇ ನೂರಕ್ಕೆ ಪಾವತಿ ಸೇವೆಯಲ್ಲಿ 7,800ರ ಮೇಲೆ ಸಿಗುತ್ತದೆ. ದರೋಡೆ ಎಂದು ಸುಮ್ಮನೆ ಕೂಗಬೇಡಿ. ಸಣ್ಣ ಮೊತ್ತಕ್ಕೆ ಅದೇ ಅಗ್ಗ.

ಕೊಟ್ಟಾರ ಚೌಕಿ

ಹತ್ತು ಕೆಲಸ ಸೇರಿಸಿ ತಿಂಗಳಿಗೊಂದು ಬಿಲ್ ಮಾಡಿ. ಯಾರು ಬೇಡ ಎಂದರು?

ಕುಂದಗನ್ನಡಿಗ

ಹತ್ತು ಕೆಲಸ ಹತ್ತು ಜನರದ್ದು. ಒಬ್ಬ ಬ್ರೆಜಿಲ್, ಇನ್ನೊಬ್ಬ ಪೋಲೆಂಡ್. ಅವರನ್ನೆಲ್ಲ ಸೇರಿಸಿ ಒಂದು ಬಿಲ್ ಮಾಡುವುದು ಹೇಗೆ, ಅದನ್ನೂ ಹೇಳಿಕೊಡಿ.

ಲೆಕ್ಕದ ಪುಸ್ತಕ (ಕೊಡಿಯಾಲಬೈಲ್)

ಇಬ್ಬರೂ ಹೇಳುವುದು ಸರಿ. ಸ್ವಿಫ್ಟ್‌ನಲ್ಲಿ ಬಹುಪಾಲು ಖರ್ಚು ನಿಗದಿಯಾದದ್ದು, ಮೊತ್ತ ಎಷ್ಟೇ ಇರಲಿ ಹೆಚ್ಚುಕಡಿಮೆ ಅಷ್ಟೇ ಹೋಗುತ್ತದೆ. ಪಾವತಿ ಸೇವೆಯಲ್ಲಿ ಶೇಕಡಾವಾರು ಹೋಗುತ್ತದೆ. ನೀವಿಬ್ಬರೂ ಕೊಟ್ಟ ಅಂಕಿಗಳನ್ನೇ ಇಟ್ಟುಕೊಂಡರೆ ಸುಮಾರು 325 ಡಾಲರ್‌ನ ಹತ್ತಿರ ಎರಡೂ ಸಮನಾಗುತ್ತವೆ. ಅದಕ್ಕಿಂತ ಕೆಳಗೆ ಕುಂದಗನ್ನಡಿಗರು ಗೆದ್ದರು, ಮೇಲೆ ಚೌಕಿಯವರು ಗೆದ್ದರು. ನಿಮ್ಮ ಸೇವೆಯ, ನಿಮ್ಮ ಬ್ಯಾಂಕಿನ ದರಗಳನ್ನು ಹಾಕಿ ನೀವೇ ಒಮ್ಮೆ ಲೆಕ್ಕ ಮಾಡಿ. ಬೇರೆಯವರ ಅಂಕಿಯನ್ನು ನಂಬಿ ಕೂರಬೇಡಿ.

ಕೈಗೆ ಬಂದ ರೂಪಾಯಿಯನ್ನು ಬಿಲ್ಲಿನಲ್ಲಿ ಬರೆದ ಡಾಲರ್‌ನಿಂದ ಭಾಗಿಸಿ. ಪೆನ್ಸಿಲ್ ಅವರಿಗೆ 78.49, ಚೌಕಿಯವರಿಗೆ 82.52. ಹೋಲಿಸಲು ಈ ಒಂದು ಸಂಖ್ಯೆ ಸಾಕು. 'ಶೂನ್ಯ ಶುಲ್ಕ' ಎಂದು ಜಾಹೀರಾತು ಹಾಕುವವರ ಬಂಡವಾಳವೂ ಇದರಲ್ಲೇ ಬಯಲಾಗುತ್ತದೆ.

ರಾತ್ರಿ ಪಾಳಿ

ಜಿಎಸ್‌ಟಿ ಶೇ. 18 ಎಂದು ಕೇಳಿದ್ದೆ. 82,908ಕ್ಕೆ ಶೇ. 18 ಎಂದರೆ ಹದಿನೈದು ಸಾವಿರ ಆಗಬೇಕಲ್ಲ? 149 ಹೇಗೆ ಬಂತು? ಚೌಕಿಯವರು ಬಿಡುತ್ತಿರುವುದು ಬೊಗಳೆಯೇ?

ಕೊಟ್ಟಾರ ಚೌಕಿ

ಬೊಗಳೆ ಬಿಡಲು ನನಗೆ ಬೇರೆ ಕೆಲಸ ಇಲ್ಲವೇ?

ಲೆಕ್ಕದ ಪುಸ್ತಕ (ಕೊಡಿಯಾಲಬೈಲ್)

ನನ್ನ ಕಚೇರಿಗೆ ಬರುವ ಹುಡುಗರಲ್ಲಿ ಅರ್ಧ ಜನ ಇದೇ ಹೆದರಿಕೆ ಇಟ್ಟುಕೊಂಡು ಬರುತ್ತಾರೆ. ತೆರಿಗೆ ಬೀಳುವುದು ನಿಮ್ಮ ಹಣದ ಮೇಲೆ ಅಲ್ಲ, ವಿನಿಮಯ ಮಾಡಿಕೊಟ್ಟ ಸೇವೆಯ ಮೌಲ್ಯದ ಮೇಲೆ. ಆ ಮೌಲ್ಯವನ್ನು ಲೆಕ್ಕ ಹಾಕುವ ಕ್ರಮ ಕೇಂದ್ರ ಜಿಎಸ್‌ಟಿಯ (ಸಿಜಿಎಸ್‌ಟಿ) ನಿಯಮ 32ರಲ್ಲಿ ಇದೆ. ಬ್ಯಾಂಕುಗಳು ಸಾಮಾನ್ಯವಾಗಿ ಅನುಸರಿಸುವ ಪಟ್ಟಿ ಹೀಗಿದೆ: 1 ಲಕ್ಷ ರೂಪಾಯಿಯವರೆಗೆ ಮೊತ್ತದ ಶೇ. 1, ಕನಿಷ್ಠ 250 ರೂಪಾಯಿ. ಲಕ್ಷದಿಂದ 10 ಲಕ್ಷದವರೆಗೆ ಸಾವಿರ ರೂಪಾಯಿ ಮತ್ತು ಲಕ್ಷದ ಮೇಲಿನ ಭಾಗದ ಅರ್ಧ ಶೇಕಡಾ. 10 ಲಕ್ಷದ ಮೇಲೆ 5,500 ಮತ್ತು ಮೇಲಿನ ಭಾಗದ ಶೇ. 0.1, ಗರಿಷ್ಠ 60,000. ಹೀಗೆ ಬಂದ ಮೌಲ್ಯಕ್ಕೆ ಶೇ. 18 ಹಾಕಬೇಕು.

82,908ರ ಶೇ. 1 ಎಂದರೆ 829.08. ಅದರ ಶೇ. 18 ಎಂದರೆ 149.23. ಎಷ್ಟೇ ಸಣ್ಣ ಮೊತ್ತ ತರಿಸಿದರೂ 45 ರೂಪಾಯಿ ಹೋಗುತ್ತದೆ. ಸರಿಯಾಗಿ ಒಂದು ಲಕ್ಷಕ್ಕೆ 180, ಮೂರು ಲಕ್ಷಕ್ಕೆ 360.

ಬೆಂದೂರ್‌ವೆಲ್ ಅಕ್ಕ

ಆ ನಡುವಿನ ಬ್ಯಾಂಕಿನ ಕಾಟ ನನಗೂ ಇತ್ತು. ಒಮ್ಮೆ 15 ಡಾಲರ್, ಇನ್ನೊಮ್ಮೆ 25, ಯಾವುದಕ್ಕೂ ಲಂಗುಲಗಾಮು ಇಲ್ಲ. ಕಳುಹಿಸುವವರ ಬ್ಯಾಂಕಿನ ಅರ್ಜಿಯಲ್ಲಿ 'ಖರ್ಚು ಯಾರದ್ದು' ಎಂದು ಕೇಳುವ ಜಾಗ ಇರುತ್ತದೆ, ಅಲ್ಲಿ ಅವರದೇ ಎಂದು ತುಂಬಿಸಲು ಹೇಳಿ. ನನ್ನ ಹಳೆಯ ಗ್ರಾಹಕರು ಈಗ ಹಾಗೆಯೇ ಮಾಡುತ್ತಾರೆ. ಕೇಳಿದರೆ ಕೊಡುತ್ತಾರೆ, ನಾವು ಕೇಳಲು ನಾಚುತ್ತೇವೆ ಅಷ್ಟೇ.

ನಿವೃತ್ತ ಗುಮಾಸ್ತ (ಉಡುಪಿ)

ಅಕ್ಕ ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಅದರಲ್ಲಿ ಮೂರು ಬಗೆ. 'ಅವರ್' (OUR) ಎಂದರೆ ಎಲ್ಲ ಖರ್ಚೂ ಕಳುಹಿಸುವವನದ್ದು. 'ಶಾ' (SHA) ಎಂದರೆ ಅವನ ಬ್ಯಾಂಕಿನದ್ದು ಅವನಿಗೆ, ಉಳಿದದ್ದು ನಿಮಗೆ. 'ಬೆನ್' (BEN) ಎಂದರೆ ಪೂರ್ತಿ ನಿಮ್ಮ ತಲೆಗೆ. ಏನೂ ಹೇಳದಿದ್ದರೆ ಹೆಚ್ಚಾಗಿ 'ಶಾ' ಎಂದೇ ಹೋಗುತ್ತದೆ.

ನಡುವಿನ ಬ್ಯಾಂಕ್ ಯಾಕೆ ಬೇಕು ಎಂದು ಕೇಳುವವರಿಗೆ: ಸ್ವಿಫ್ಟ್ ಎಂಬುದು ಹಣ ಸಾಗಿಸುವ ವ್ಯವಸ್ಥೆಯೇ ಅಲ್ಲ. ಅದು 1973ರಲ್ಲಿ ಬೆಲ್ಜಿಯಂನಲ್ಲಿ ಹುಟ್ಟಿದ ಸಂದೇಶ ಕಳುಹಿಸುವ ಸಹಕಾರಿ ಸಂಸ್ಥೆ. ಹಣ ಓಡಾಡುವುದು ಒಂದು ಬ್ಯಾಂಕ್ ಇನ್ನೊಂದರಲ್ಲಿ ಇಟ್ಟ ಖಾತೆಗಳ ನಡುವೆ. ನಿಮ್ಮ ಬ್ಯಾಂಕಿಗೆ ನ್ಯೂಯಾರ್ಕಿನ ಯಾವ ಬ್ಯಾಂಕಿನಲ್ಲಿ ಡಾಲರ್ ಖಾತೆ ಇದೆ ಎಂದು ಕೇಳಿಕೊಂಡು ಆ ವಿವರವನ್ನೂ ಗ್ರಾಹಕರಿಗೆ ಕೊಟ್ಟರೆ ಸುತ್ತು ದಾರಿ ತಪ್ಪುತ್ತದೆ, ಕಡಿತವೂ ಕಡಿಮೆಯಾಗುತ್ತದೆ. ನಾವು ಅದನ್ನು ನೋಸ್ಟ್ರೋ ಖಾತೆ ಎನ್ನುತ್ತಿದ್ದೆವು.

ಹಣ ಎಲ್ಲೋ ಸಿಕ್ಕಿಬಿದ್ದಿದೆ ಎನಿಸಿದರೆ ಕಳುಹಿಸಿದವರ ಬಳಿ ಎಂಟಿ 103 ಎಂಬ ಸ್ವಿಫ್ಟ್ ಸಂದೇಶದ ಪ್ರತಿ ಕೇಳಿ. ಈಗ ಐಎಸ್‌ಒ 20022 ಎಂಬ ಹೊಸ ಮಾದರಿ ಬಂದಿದೆ, ಆದರೂ ಎಲ್ಲರ ಬಾಯಲ್ಲಿ ಹಳೆಯ ಹೆಸರೇ ಇದೆ. ಎಷ್ಟು ಕಳುಹಿಸಿದರು, ಖರ್ಚು ಯಾರದ್ದು ಎಂದು ತುಂಬಿಸಿದರು ಎಂಬುದು ಅದರಲ್ಲಿ ಬರೆದಿರುತ್ತದೆ.

ಶಾರ್ಜಾದಿಂದ ಸುರತ್ಕಲ್

ಇಷ್ಟೆಲ್ಲ ತಲೆಬಿಸಿ ಯಾಕೆ? ನಾವು ಇಲ್ಲಿ ಎಕ್ಸ್‌ಚೇಂಜ್ ಅಂಗಡಿಗೆ ಹೋಗಿ ದಿರ್ಹಮ್ ಕೊಟ್ಟರೆ ಸ್ವಲ್ಪ ಹೊತ್ತಿನಲ್ಲಿ ಊರಿನ ಖಾತೆಗೆ ರೂಪಾಯಿ ಬೀಳುತ್ತದೆ. ಅಂಗಡಿ ಅಂಗಡಿಗೆ ಪೈಪೋಟಿ ಇರುವುದರಿಂದ ದರದಲ್ಲಿ ಕೆಲವು ಪೈಸೆಯ ವ್ಯತ್ಯಾಸ ಅಷ್ಟೇ. ದಿರ್ಹಮ್ ಅನ್ನು 1997ರಿಂದ ಡಾಲರ್‌ಗೆ 3.6725ರಲ್ಲಿ ಕಟ್ಟಿಹಾಕಿದ್ದಾರೆ. ಹಾಗಾಗಿ ರೂಪಾಯಿ ಬಿದ್ದ ದಿನ ನಮಗೆಲ್ಲ ಹಬ್ಬ.

ಪೆನ್ಸಿಲ್ ಅಕ್ಕ, ಗಲ್ಫಿನಲ್ಲಿ ನಿಮ್ಮ ಅಣ್ಣನೋ ಬಾವನೋ ಇದ್ದೇ ಇರುತ್ತಾರೆ, ಇಲ್ಲದ ಮನೆ ನಮ್ಮ ಜಿಲ್ಲೆಯಲ್ಲಿ ಉಂಟೇ? ಗ್ರಾಹಕರ ಹಣವನ್ನು ಅವರ ಖಾತೆಗೆ ಹಾಕಿಸಿ ಅಲ್ಲಿಂದ ಮನೆಖರ್ಚಿನ ಹಣ ಎಂದು ತರಿಸಿಕೊಳ್ಳಿ.

ಲೆಕ್ಕದ ಪುಸ್ತಕ (ಕೊಡಿಯಾಲಬೈಲ್)

ದಯವಿಟ್ಟು ಹಾಗೆ ಮಾಡಬೇಡಿ. ಮಾಡಿಸಬೇಡಿ ಕೂಡ.

ಹೊರದೇಶದಿಂದ ಬರುವ ಪ್ರತಿ ಹಣಕ್ಕೂ ರಿಸರ್ವ್ ಬ್ಯಾಂಕಿನ ಉದ್ದೇಶ ಸಂಕೇತ ಇರುತ್ತದೆ. ತಂತ್ರಾಂಶ ಸಲಹೆಗೆ ಪಿ 0802, ವ್ಯವಹಾರ ಸಲಹೆಗೆ ಪಿ 1006, ಅನಿವಾಸಿಗಳು ಮನೆಖರ್ಚಿಗೆ ಕಳುಹಿಸುವುದಕ್ಕೆ ಪಿ 1301. ನೀವು ದುಡಿದ ಹಣವನ್ನು ಪಿ 1301ರಲ್ಲಿ ತರಿಸಿದರೆ ಅದು ಕಾಗದದ ಮೇಲೆ ದುಡಿಮೆಯೇ ಅಲ್ಲ. ನಾಳೆ ಆದಾಯ ತೆರಿಗೆಯವರು ಕೇಳಿದರೆ, ಗೃಹಸಾಲಕ್ಕೆ ಅರ್ಜಿ ಹಾಕಿದರೆ, ವೀಸಾ ಕಚೇರಿಯವರು ಆದಾಯದ ದಾಖಲೆ ಕೇಳಿದರೆ ಏನು ತೋರಿಸುತ್ತೀರಿ? ಶಾರ್ಜಾದ ಬಾವನಿಗೂ ಸುಮ್ಮನೆ ಪೀಕಲಾಟ. ಅವರ ಖಾತೆಗೆ ಅಮೆರಿಕದ ಯಾವುದೋ ಸಂಸ್ಥೆಯಿಂದ ಹಣ ಯಾಕೆ ಬರುತ್ತಿದೆ ಎಂದು ಅಲ್ಲಿಯ ಬ್ಯಾಂಕ್ ಕೇಳದೆ ಬಿಡುತ್ತದೆಯೇ?

ಶಾರ್ಜಾದಿಂದ ಸುರತ್ಕಲ್

ಸರಿ ಸರಿ, ಬಾವನನ್ನು ಬಿಟ್ಟುಬಿಡಿ. ಒಳ್ಳೆಯದು ಮಾಡಲು ಹೋಗಿ ಬೈಸಿಕೊಂಡೆ.

ಬೆಂದೂರ್‌ವೆಲ್ ಅಕ್ಕ

ಉದ್ದೇಶ ಸಂಕೇತದ ಮಾತು ಬಂದದ್ದು ಒಳ್ಳೆಯದಾಯಿತು. ನನ್ನ ಶಾಖೆಯಲ್ಲಿ ಒಮ್ಮೆ ಕೇಳದೆಯೇ ಅದೇ 1301 ಹಾಕಿ ಜಮೆ ಮಾಡಿದ್ದರು. ಹೊರದೇಶದ ಹಣ ಎಂದರೆ ಮಗನೋ ಗಂಡನೋ ಕಳುಹಿಸಿದ್ದು ಎಂದೇ ಅವರ ಎಣಿಕೆ, ಹೆಂಗಸು ಮನೆಯಲ್ಲಿ ಕುಳಿತು ಡಾಲರ್ ದುಡಿಯುತ್ತಾಳೆ ಎಂದು ಯಾರಿಗೂ ಹೊಳೆಯುವುದಿಲ್ಲ. ಸರಿಪಡಿಸಲು ಪತ್ರ, ಬಿಲ್ಲಿನ ಪ್ರತಿ, ಮತ್ತೆ ಪತ್ರ. ಈಗ ಹಣ ಬರುವ ಮೊದಲೇ ಶಾಖೆಗೆ ಬಿಲ್ ಸಮೇತ ಮಿಂಚಂಚೆ ಹಾಕಿಬಿಡುತ್ತೇನೆ.

ತುಳು ಚಾನೆಲ್‌ನವ

ಯೂಟ್ಯೂಬಿನ ಹಣಕ್ಕೂ ಇದೆಲ್ಲ ಅನ್ವಯವೇ? ನಮ್ಮದು ಹಾಸ್ಯದ ಸಣ್ಣ ಚಾನೆಲ್. ನೂರು ಡಾಲರ್ ತುಂಬಿದ ತಿಂಗಳು ಮಾತ್ರ ಬರುತ್ತದೆ.

ಲೆಕ್ಕದ ಪುಸ್ತಕ (ಕೊಡಿಯಾಲಬೈಲ್)

ವಿನಿಮಯ, ಉದ್ದೇಶ ಸಂಕೇತ ಎಲ್ಲ ಅದೇ. ಅದರ ಮೇಲೆ ನಿಮಗೆ ಇನ್ನೊಂದು ಸೋರಿಕೆ ಉಂಟು. ಯೂಟ್ಯೂಬಿನ ಹಣ ಬರುವ ಗೂಗಲ್‌ನ ಆಡ್‌ಸೆನ್ಸ್‌ನಲ್ಲಿ ಅಮೆರಿಕದ ತೆರಿಗೆ ಮಾಹಿತಿ ತುಂಬಿದ್ದೀರಾ? ತುಂಬದಿದ್ದರೆ ಇಡೀ ಗಳಿಕೆಯ ಮೇಲೆ ಶೇ. 24ರವರೆಗೆ ಕಡಿತವಾಗಬಹುದು. ಡಬ್ಲ್ಯೂ-8 ಬೆನ್ ನಮೂನೆ ತುಂಬಿ ಭಾರತ–ಅಮೆರಿಕ ತೆರಿಗೆ ಒಪ್ಪಂದವನ್ನು ಆರಿಸಿದರೆ ಅಮೆರಿಕದ ವೀಕ್ಷಕರಿಂದ ಬಂದ ಭಾಗಕ್ಕೆ ಮಾತ್ರ ಶೇ. 15. ತುಳು ಹಾಸ್ಯಕ್ಕೆ ಅಮೆರಿಕದ ವೀಕ್ಷಕರು ಎಷ್ಟು ಇರುತ್ತಾರೆ ಹೇಳಿ.

ತುಳು ಚಾನೆಲ್‌ನವ

ನ್ಯೂಜೆರ್ಸಿಯಲ್ಲಿ ಅತ್ತೆಯ ಮಗಳು ಒಬ್ಬಳು ಇದ್ದಾಳೆ. ಅವಳೂ ಪೂರ್ತಿ ನೋಡುವುದಿಲ್ಲ.

ರಾತ್ರಿ ಪಾಳಿ

ಎಲ್ಲರೂ ಹಳೇ ಕಾಲದಲ್ಲೇ ಇದ್ದೀರಿ. ಯುಎಸ್‌ಡಿಟಿ (ಡಾಲರ್ ಬೆಲೆಗೆ ಕಟ್ಟಿದ ಕ್ರಿಪ್ಟೊ ನಾಣ್ಯ) ತರಿಸಿಕೊಳ್ಳಿ, ಇಲ್ಲಿ ಕೊಳ್ಳುವವರಿಗೆ ಮಾರಿ. ಎಷ್ಟೋ ಸಲ ಗೂಗಲ್ ದರಕ್ಕಿಂತ ಹೆಚ್ಚೇ ಸಿಗುತ್ತದೆ. ಬ್ಯಾಂಕೂ ಬೇಡ, ಗುಮಾಸ್ತರೂ ಬೇಡ.

ಕೊಟ್ಟಾರ ಚೌಕಿ

ಹೆಚ್ಚು ಯಾಕೆ ಕೊಡುತ್ತಾರೆ ಎಂದು ಒಮ್ಮೆಯಾದರೂ ಯೋಚಿಸಿದ್ದೀರಾ?

ನಮ್ಮ ಬೀದಿಯ ಹುಡುಗನೊಬ್ಬ ಹೀಗೆಯೇ ಮಾರಿದ. ಕೊಂಡವನು ಕಳುಹಿಸಿದ್ದು ಯಾರನ್ನೋ ಮೋಸ ಮಾಡಿ ಪಡೆದ ಹಣ. ಎಲ್ಲಿಯೋ ಉತ್ತರದ ರಾಜ್ಯದ ಸೈಬರ್ ಪೊಲೀಸರಿಂದ ಬ್ಯಾಂಕಿಗೆ ಪತ್ರ ಬಂತು, ಇವನ ಖಾತೆ ಸ್ತಂಭನವಾಯಿತು. ಸಂಬಳ ಬರುವ ಖಾತೆಯೂ ಅದೇ. ಮನೆ ಬಾಡಿಗೆಗೆ ನನ್ನ ಹತ್ತಿರ ಕೈ ಒಡ್ಡಿದ.

ಲೆಕ್ಕದ ಪುಸ್ತಕ (ಕೊಡಿಯಾಲಬೈಲ್)

ತೆರಿಗೆಯ ಕಡೆಯಿಂದ ನೋಡಿದರೂ ನಷ್ಟವೇ. ಅಂತಹ ಆಸ್ತಿಯ ಲಾಭಕ್ಕೆ 2022ರಿಂದ ಶೇ. 30 ತೆರಿಗೆ, ಮಾರುವಾಗ ಮೊತ್ತದಲ್ಲೇ ಶೇ. 1 ತೆರಿಗೆ ಕಡಿತ (ಟಿಡಿಎಸ್). ಜಿಎಸ್‌ಟಿಯಲ್ಲಿ ಸೇವೆಯ ರಫ್ತು ಎನಿಸಿಕೊಳ್ಳಬೇಕಾದರೆ ಹಣ ಪರಿವರ್ತನೀಯ ವಿದೇಶಿ ಕರೆನ್ಸಿಯಲ್ಲಿ ಬರಬೇಕು, ಇಲ್ಲವೇ ರಿಸರ್ವ್ ಬ್ಯಾಂಕ್ ಒಪ್ಪಿದ ಕಡೆ ರೂಪಾಯಿಯಲ್ಲಿ. ಯುಎಸ್‌ಡಿಟಿ ಈ ಎರಡೂ ಅಲ್ಲ.

ನಿರ್ವಾಹಕರು

ಕ್ರಿಪ್ಟೊ ಚರ್ಚೆ ಇಲ್ಲಿಗೆ ಸಾಕು. ಹುಂಡಿಯ (ಬ್ಯಾಂಕ್ ತಪ್ಪಿಸಿ ಹಣ ಸಾಗಿಸುವ) ದಾರಿ ಸೂಚಿಸಿದ ಒಂದು ಉತ್ತರವನ್ನು ಅಳಿಸಿದ್ದೇವೆ.

ಬಣ್ಣದ ಪೆನ್ಸಿಲ್ (ಮಣಿಪಾಲ)

ಇಷ್ಟೊಂದು ಉತ್ತರ ಬರುತ್ತದೆ ಎಂದು ಎಣಿಸಿರಲಿಲ್ಲ, ಎಲ್ಲರಿಗೂ ವಂದನೆ. ಎರಡು ಸಂದೇಹ ಉಳಿದಿವೆ. ಒಂದು, ದರ ಏರುವವರೆಗೆ ಹಣವನ್ನು ಡಾಲರ್‌ನಲ್ಲೇ ಇಟ್ಟುಕೊಳ್ಳಬಹುದೇ? ಎರಡು, ಎಫ್‌ಐಆರ್‌ಸಿ ಎಂದರೆ ಏನು, ಅದು ನನಗೆ ಬೇಕೇ?

ನಿವೃತ್ತ ಗುಮಾಸ್ತ (ಉಡುಪಿ)

ಮೊದಲನೆಯದು. ಪಾವತಿ ಸೇವೆಗಳಲ್ಲಿ ಆ ಆಯ್ಕೆ ಬಹುಮಟ್ಟಿಗೆ ಇಲ್ಲ. ರಿಸರ್ವ್ ಬ್ಯಾಂಕ್ 2010ರ ನವೆಂಬರಿನಲ್ಲಿ ಈ ಸೇವೆಗಳಿಗೆ ನಿಯಮ ತಂದಾಗಿನಿಂದ ರಫ್ತಿನ ಹಣವನ್ನು ಅಲ್ಲಿಯೇ ಕೂಡಿಡಲು ಬಿಟ್ಟಿಲ್ಲ. ಪೇಪಾಲ್ ಇಲ್ಲಿ ತಾನಾಗಿಯೇ ಹಣವನ್ನು ಬ್ಯಾಂಕಿಗೆ ದೂಡುವುದು ಅದಕ್ಕೇ. ಆಗ ಒಂದು ವ್ಯವಹಾರದ ಮಿತಿ 500 ಡಾಲರ್, 2011ರಲ್ಲಿ 3,000 ಆಯಿತು, 2013ರಲ್ಲಿ 10,000. 2023ರ ಅಕ್ಟೋಬರ್ ಕೊನೆಯಲ್ಲಿ ಗಡಿಯಾಚೆಯ ಪಾವತಿ ಸಂಸ್ಥೆಗಳಿಗೆ ಹೊಸ ನಿರ್ದೇಶನ ಬಂತು.

ಸ್ವಿಫ್ಟ್‌ನಲ್ಲಿ ತರಿಸುವವರು ಬ್ಯಾಂಕಿನಲ್ಲಿ ಇಇಎಫ್‌ಸಿ ಖಾತೆ ತೆರೆದು ಡಾಲರ್‌ನಲ್ಲೇ ಇಡಬಹುದು. ಬಡ್ಡಿ ಇಲ್ಲ. ಈ ತಿಂಗಳು ಬಂದದ್ದನ್ನು ಖರ್ಚು ಮಾಡದಿದ್ದರೆ ಮುಂದಿನ ತಿಂಗಳ ಕೊನೆಯೊಳಗೆ ರೂಪಾಯಿ ಮಾಡಲೇಬೇಕು. ಹೊರದೇಶದ ತಂತ್ರಾಂಶಕ್ಕೆ, ಸರ್ವರಿಗೆ ಡಾಲರ್‌ನಲ್ಲೇ ಹಣ ಕಟ್ಟುವವರಿಗೆ ಅದರಿಂದ ಲಾಭ, ಎರಡು ಸಲ ವಿನಿಮಯದ ಪೆಟ್ಟು ತಪ್ಪುತ್ತದೆ. ದರ ಏರಲಿ ಎಂದು ಕಾಯುವುದಕ್ಕೆ ಅಲ್ಲ. ನಾನು ಕೌಂಟರಿನಲ್ಲಿ ಇದ್ದಾಗ ಹಾಗೆ ಕಾದವರು ಇಳಿದ ಮೇಲೆ ಬಂದು ನಮ್ಮ ಮೇಲೆ ರೇಗುತ್ತಿದ್ದರು.

ಕಾಯುವುದಕ್ಕಿಂತ ಕೇಳುವುದು ಒಳ್ಳೆಯದು. ಬ್ಯಾಂಕ್ ಬೆಳಿಗ್ಗೆ ಹೊರಡಿಸುವ ದರ ಪಟ್ಟಿಯನ್ನು ಕಾರ್ಡ್ ದರ ಎನ್ನುತ್ತಾರೆ. ಅದರಲ್ಲಿ ನಿಮಗೆ ಸಂಬಂಧಿಸಿದ್ದು 'ಟಿಟಿ ಬೈಯಿಂಗ್' ಎಂಬ ಸಾಲು, ಹೊರಗಿನಿಂದ ಬಂದ ಡಾಲರನ್ನು ಬ್ಯಾಂಕ್ ಕೊಳ್ಳುವ ದರ. ಮೊತ್ತ ದೊಡ್ಡದಿದ್ದರೆ ವಿದೇಶಿ ವಿನಿಮಯ ವಿಭಾಗಕ್ಕೆ ಫೋನ್ ಮಾಡಿ ಅದಕ್ಕಿಂತ ಒಳ್ಳೆಯ ದರ ಕೇಳಬಹುದು. ಹತ್ತು ಇಪ್ಪತ್ತು ಪೈಸೆ ಬಿಟ್ಟುಕೊಡುತ್ತಾರೆ. ಕೇಳದವರಿಗೆ ಪಟ್ಟಿಯಲ್ಲಿ ಇದ್ದದ್ದೇ.

ಲೆಕ್ಕದ ಪುಸ್ತಕ (ಕೊಡಿಯಾಲಬೈಲ್)

ಎರಡನೆಯದು ನನ್ನ ಪಾಲಿಗೆ. ಎಫ್‌ಐಆರ್‌ಸಿ ಅಥವಾ ಎಫ್‌ಐಆರ್‌ಎ ಎಂದರೆ ಇಷ್ಟು ವಿದೇಶಿ ಹಣ, ಇಂತಹವರಿಂದ, ಇಂತಹ ಉದ್ದೇಶಕ್ಕೆ ಬಂತು ಎಂದು ಬ್ಯಾಂಕ್ ಕೊಡುವ ದಾಖಲೆ. ವಿನಿಮಯ ಮಾಡಿದ ಬ್ಯಾಂಕ್ ಅದನ್ನು ಕೊಡಬೇಕು. ಹಾಗಾಗಿ ಪಾವತಿ ಸೇವೆಯ ಮೂಲಕ ಬಂದದ್ದಕ್ಕೆ ನಿಮ್ಮ ಶಾಖೆಯಲ್ಲಿ ಜಗಳ ಮಾಡಿ ಪ್ರಯೋಜನವಿಲ್ಲ, ಸೇವೆಯವರ ಜಾಲತಾಣದಲ್ಲೇ ಇಳಿಸಿಕೊಳ್ಳಿ. ಅದನ್ನು ಕೊಡದ ಸೇವೆ ಎಷ್ಟೇ ಅಗ್ಗವಾಗಿದ್ದರೂ ನನ್ನ ಕಕ್ಷಿದಾರರಿಗೆ ನಾನು ಬೇಡ ಎನ್ನುತ್ತೇನೆ.

ವಾರ್ಷಿಕ ವಹಿವಾಟು 20 ಲಕ್ಷ ದಾಟಿ ಜಿಎಸ್‌ಟಿ ನೋಂದಣಿ ಆದರೆ ಸೇವೆಯ ರಫ್ತಿಗೆ ತೆರಿಗೆ ಶೂನ್ಯ. ತೆರಿಗೆ ಕಟ್ಟದೆ ಬಿಲ್ ಮಾಡಲು ಪ್ರತಿ ಆರ್ಥಿಕ ವರ್ಷ ಎಲ್‌ಯುಟಿ ಎಂಬ ಮುಚ್ಚಳಿಕೆ ಹಾಕಬೇಕು, ನಮೂನೆ ಆರ್‌ಎಫ್‌ಡಿ-11. ರಫ್ತೆಂದು ತೋರಿಸಲು ಈ ಎಫ್‌ಐಆರ್‌ಸಿಯೇ ಆಧಾರ.

ಮೂಡುಬಿದಿರೆ ಮೂಲೆಮನೆ

ಒಂದು ಎಚ್ಚರಿಕೆ. ನಮ್ಮದು ವಿಲೀನವಾದ ಬ್ಯಾಂಕಿನ ಹಳೆಯ ಖಾತೆ. ಗ್ರಾಹಕನ ಕಡತದಲ್ಲಿ ಹಳೆಯ ಸ್ವಿಫ್ಟ್ ಸಂಕೇತವೇ ಉಳಿದಿತ್ತು. ಹಣ ಹೋಗಿ ಸುತ್ತಾಡಿ ವಾಪಸಾಯಿತು, ಹೋಗುವಾಗ ಒಂದು ಕಡಿತ, ಬರುವಾಗ ಇನ್ನೊಂದು. ಸಂಕೇತಗಳನ್ನು ಒಮ್ಮೆ ನೋಡಿಕೊಳ್ಳಿ.

ನಿವೃತ್ತ ಗುಮಾಸ್ತ (ಉಡುಪಿ)

ನಮ್ಮ ಜಿಲ್ಲೆಗಳಲ್ಲಿ ಈ ತೊಂದರೆ ಬೇರೆಡೆಗಿಂತ ಹೆಚ್ಚು, ಯಾಕೆಂದರೆ ಮನೆಮನೆಯಲ್ಲೂ ಊರಿನ ಬ್ಯಾಂಕಿನ ಖಾತೆಗಳೇ ಇದ್ದವು. ವಿಜಯಾ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾಗೆ ಸೇರಿತು. ಸಿಂಡಿಕೇಟ್ ಮತ್ತು ಕಾರ್ಪೊರೇಷನ್ 2020ರ ಏಪ್ರಿಲ್ 1ರಂದು ಕೆನರಾಕ್ಕೆ ಮತ್ತು ಯೂನಿಯನ್‌ಗೆ. ಸಿಂಡಿಕೇಟಿನ ಹಳೆಯ ಐಎಫ್‌ಎಸ್‌ಸಿ 2021ರ ಜುಲೈ 1ರಿಂದ ಸತ್ತುಹೋಯಿತು. ಹಳೆಯ ಚೆಕ್‌ಬುಕ್ ನೋಡಿ ಸಂಕೇತ ಬರೆಯುವವರು ಈಗಲೂ ಇದ್ದಾರೆ.

ಕೊಟ್ಟಾರ ಚೌಕಿ

ಕೆನರಾ, ಕಾರ್ಪೊರೇಷನ್, ಕರ್ಣಾಟಕ, ವಿಜಯಾ... ಮಂಗಳೂರು ಹೆತ್ತ ಬ್ಯಾಂಕುಗಳಲ್ಲಿ ಎರಡು ಹೋದವು.

ನಿವೃತ್ತ ಗುಮಾಸ್ತ (ಉಡುಪಿ)

ಕಾರ್ಪೊರೇಷನ್ ಹುಟ್ಟಿದ್ದು ಉಡುಪಿಯಲ್ಲಿ, 1906ರಲ್ಲಿ, ಹಾಜಿ ಅಬ್ದುಲ್ಲಾ ಸಾಹೇಬರಿಂದ. ಮಂಗಳೂರಿಗೆ ಹೋದದ್ದು ಅದರ ಪ್ರಧಾನ ಕಚೇರಿ. ಅದೇ ವರ್ಷ ಅಮ್ಮೆಂಬಳ ಸುಬ್ಬರಾವ್ ಪೈಗಳ ಕೆನರಾ, ಅದು ನಿಮ್ಮದು, ಇಟ್ಟುಕೊಳ್ಳಿ. 1925ರ ಸಿಂಡಿಕೇಟನ್ನು ನೀವು ಪಟ್ಟಿಯಲ್ಲೇ ಬಿಟ್ಟಿರಿ, ಅದೂ ಉಡುಪಿಯದ್ದೇ.

ಮಳೆಗಾಲ

ಶುರುವಾಯಿತು ಉಡುಪಿ–ಮಂಗಳೂರು.

ಬೆಂದೂರ್‌ವೆಲ್ ಅಕ್ಕ

ಸಿಂಡಿಕೇಟಿನ ಪಿಗ್ಮಿ ನೆನಪಾಯಿತು. ಏಜೆಂಟರು ಮನೆ ಬಾಗಿಲಿಗೆ ಬಂದು ಚಿಲ್ಲರೆ ಎಣಿಸಿಕೊಂಡು ಪುಸ್ತಕದಲ್ಲಿ ಬರೆದು ಹೋಗುತ್ತಿದ್ದರು. ಎಷ್ಟು ಕೊಟ್ಟೆವೋ ಅಷ್ಟು ಎದುರಿಗೇ ಕಾಣುತ್ತಿತ್ತು.

ನಿರ್ವಾಹಕರು

ಬ್ಯಾಂಕ್ ಇತಿಹಾಸಕ್ಕೆ ಬೇರೆ ಎಳೆ ತೆರೆಯಿರಿ, ಖಂಡಿತ ಓದುತ್ತೇವೆ. ಇಲ್ಲಿ ವಿನಿಮಯದ ಮಾತು ಮುಂದುವರಿಯಲಿ.

ಕುಂದಗನ್ನಡಿಗ

ನನ್ನಂತಹ ಸಣ್ಣವರಿಗೆ ಮೂರನೆಯ ದಾರಿ ಒಂದು ಉಂಟು, ಯಾರೂ ಹೇಳಲಿಲ್ಲ. ಕೆಲವು ಸೇವೆಗಳು ನಿಮ್ಮ ಹೆಸರಿನಲ್ಲಿ ಅಮೆರಿಕದ ಖಾತೆ ಸಂಖ್ಯೆ ಕೊಡುತ್ತವೆ. ಗ್ರಾಹಕ ತನ್ನ ದೇಶದೊಳಗೇ ಕಳುಹಿಸಿದಂತೆ ಎಸಿಎಚ್‌ನಲ್ಲಿ (ಅಮೆರಿಕದೊಳಗಿನ ಬ್ಯಾಂಕ್ ವರ್ಗಾವಣೆ ವ್ಯವಸ್ಥೆ) ಕಳುಹಿಸುತ್ತಾನೆ, ಹಾಗಾಗಿ ನಡುವಿನ ಬ್ಯಾಂಕಿನ 20 ಡಾಲರ್ ಕಾಟ ಇಲ್ಲ. ಪೇಯೋನಿಯರ್ ಬಹಳ ಹಿಂದಿನಿಂದ ಕೊಡುತ್ತಿದೆ. ವೈಸ್‌ನವರು ನಡುವಿನ ದರವನ್ನೇ ಹಾಕಿ ಶುಲ್ಕವನ್ನು ಬೇರೆಯಾಗಿ ತೋರಿಸುತ್ತಾರೆ. ಭಾರತದಲ್ಲೇ ಹುಟ್ಟಿದ ಕೆಲವು ಸೇವೆಗಳೂ ಈಗ ಇವೆ.

ಕೊಟ್ಟಾರ ಚೌಕಿ

ಅಂತೂ ಕುಂದಾಪುರದವರಿಂದ ಒಂದು ಉಪಯುಕ್ತ ಮಾತು ಬಂತು.

ಕುಂದಗನ್ನಡಿಗ

ಅಣ್ಣ, ಇದಕ್ಕೆ ಶುಲ್ಕ ಇಲ್ಲ. ದರದಲ್ಲಿಯೂ ಮುರಿದುಕೊಂಡಿಲ್ಲ.

ಬಣ್ಣದ ಪೆನ್ಸಿಲ್ (ಮಣಿಪಾಲ)

ಗ್ರಾಹಕರಿಗೆ ಬರೆದೆ. 300 ಡಾಲರ್ ಮೀರಿದ ಬಿಲ್ಲುಗಳನ್ನು ನೇರವಾಗಿ ಬ್ಯಾಂಕಿಗೆ ಕಳುಹಿಸಲು ಒಪ್ಪಿದ್ದಾರೆ, ಅವರ ಕಡೆಯ ಖರ್ಚೂ ಅವರದೇ. ಬೆಂದೂರ್‌ವೆಲ್ ಅಕ್ಕ ಹೇಳಿದ ಹಾಗೆ ಕೇಳಿದ್ದಕ್ಕೆ ಕೊಟ್ಟರು. ಸಣ್ಣ ಕೆಲಸಗಳಿಗೆ ಕುಂದಗನ್ನಡಿಗರ ದಾರಿ ನೋಡುತ್ತೇನೆ.

ಪಡುಬಿದ್ರಿ ಪಡುಗಾಳಿ

ತಡವಾಗಿ ಬಂದೆ. ನನ್ನ ಗ್ರಾಹಕ ಜರ್ಮನಿಯವನು, ಯೂರೋದಲ್ಲಿ ಕೊಡುತ್ತೇನೆ, ಐಬಾನ್ ಸಂಖ್ಯೆ ಕಳುಹಿಸು ಎನ್ನುತ್ತಿದ್ದಾನೆ. ಬ್ಯಾಂಕಿನಲ್ಲಿ ಕೇಳಿದರೆ ಹಾಗೆಂದರೆ ಏನು ಎಂದು ನನ್ನನ್ನೇ ಕೇಳಿದರು.

ನಿವೃತ್ತ ಗುಮಾಸ್ತ (ಉಡುಪಿ)

ಐಬಾನ್ ಎಂದರೆ ಯುರೋಪ್ ಮುಂತಾದ ಕಡೆ ಬಳಸುವ ಅಂತರರಾಷ್ಟ್ರೀಯ ಖಾತೆ ಸಂಖ್ಯೆ, ಭಾರತದಲ್ಲಿ ಬಳಕೆಯಲ್ಲಿ ಇಲ್ಲ. ಖಾತೆ ಸಂಖ್ಯೆ, ಸ್ವಿಫ್ಟ್ ಸಂಕೇತ, ಶಾಖೆಯ ವಿಳಾಸ ಕೊಡಿ, ಅಷ್ಟೇ ಸಾಕು. ಯೂರೋವನ್ನು ಯೂರೋ ಆಗಿಯೇ ಕಳುಹಿಸಲು ಹೇಳಿ. ಅವನ ಬ್ಯಾಂಕ್ ಅಲ್ಲಿಯೇ ಡಾಲರ್ ಮಾಡಿ ಕಳುಹಿಸಿದರೆ ಯೂರೋದಿಂದ ಡಾಲರ್, ಡಾಲರ್‌ನಿಂದ ರೂಪಾಯಿ ಎಂದು ಎರಡು ಕಡೆ ಕತ್ತರಿ ಬೀಳುತ್ತದೆ. ನಿಮ್ಮ ಬ್ಯಾಂಕಿಗೆ ಯೂರೋ ನೋಸ್ಟ್ರೋ ಖಾತೆ ಎಲ್ಲಿ ಇದೆ ಎಂದು ವಿಚಾರಿಸಿ. ನಿಮ್ಮ ಶಾಖೆಯಲ್ಲಿ ಗೊತ್ತಿರುವುದಿಲ್ಲ, ವಿದೇಶಿ ವಿನಿಮಯ ವಿಭಾಗ ಇರುವ ಶಾಖೆಯ ಫೋನ್ ಸಂಖ್ಯೆ ಕೇಳಿ ಪಡೆಯಿರಿ.

ಪಡುಬಿದ್ರಿ ಪಡುಗಾಳಿ

ಆ ಸಂಖ್ಯೆಗೆ ಬೆಳಿಗ್ಗೆಯಿಂದ ಮಾಡುತ್ತಿದ್ದೇನೆ. ಯಾರೂ ಎತ್ತುತ್ತಿಲ್ಲ.

ನಿವೃತ್ತ ಗುಮಾಸ್ತ (ಉಡುಪಿ)

ಊಟದ ಹೊತ್ತು ಕಳೆಯಲಿ. ಮೂರು ಗಂಟೆಯ ಮೇಲೆ ಮಾಡಿ ನೋಡಿ.